ಕಿಟಕಿಯ ಪಕ್ಕದ ನಾಲ್ಕು ತೂತುಗಳು

ಕಡೆಯ ಹಿಮನದಿ ಕರಗಿದ ಎಂಬತ್ತೆರಡನೆಯ ವರ್ಷ,
ಮುಗಿಲ ತಿಂಗಳ ನಲವತ್ತೊಂದನೆಯ ದಿನ, ಮಧ್ಯಾಹ್ನ.
ಆಲ್ಟ್‌ಶ್ಟೆಗ್, ಆರೆ ನದಿಯ ಎಡದಂಡೆ.

ದಾರಿ ತೋರಿಸುವ ಹಳದಿ ಬಾಣಗಳ ಹಿಂದೆ ನಡೆಯುತ್ತಿರುವವರಿಗೆ ನಮಸ್ಕಾರ.

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ಮುಗಿಲ ತಿಂಗಳು ಮುಗಿಯುವುದಿಲ್ಲ. ಹೋದ ವರ್ಷ ಅದು ಒಂದೇ ವಾರಕ್ಕೆ ಮುಗಿದು, ಎಲ್ಲರೂ ಆಕಾಶವನ್ನು ಬೈದಿದ್ದರು. ಈ ಸಲ ಮುಗಿಯುವ ಲಕ್ಷಣವೇ ಇಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ನನ್ನ ಕನ್ನಡ ಹಾಸ್ಟೆಲಿನಲ್ಲಿ ಬೆಳೆದದ್ದು. ಪಾಠವೆಲ್ಲ ಇಂಗ್ಲಿಷ್, ಬೀದಿಯೆಲ್ಲ ಜರ್ಮನ್, ಊಟದ ಸಾಲಿನಲ್ಲಿ ಮಾತ್ರ ಕನ್ನಡ. ಆದರೂ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ಭಯವಾದಾಗ ನನಗೆ ಬೇರೆ ಯಾವ ಭಾಷೆಯೂ ನೆನಪಾಗುವುದಿಲ್ಲ.

ನಡೆಯುವುದನ್ನೇ ಕಲಿಸುವ ನಮ್ಮ ದಾರಿಶಾಲೆಗೆ ಸೇರಿದ ಪ್ರತಿಯೊಬ್ಬ ಫಸ್ಟ್ ಇಯರ್ ವಿದ್ಯಾರ್ಥಿಗೂ ಒಂದೇ ಒಂದು ಹಿನ್ನೋಲೆ ಸಿಗುತ್ತದೆ. ಹಿನ್ನೋಲೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಅದು ವ್ಯಕ್ತಿಗೆ ತಲುಪುವುದಿಲ್ಲ, ಜಾಗಕ್ಕೆ ತಲುಪುತ್ತದೆ. ಆ ಜಾಗದಲ್ಲಿ ನಿಂತವರು ಯಾರಾದರೂ ಓದುತ್ತಾರೆ ಎಂದು ನಂಬಿಕೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲವಾದ್ದರಿಂದ ಸೀನಿಯರ್‌ಗಳು ಇದನ್ನೊಂದು ಆಟ ಮಾಡಿಕೊಂಡಿದ್ದಾರೆ. ಒಬ್ಬ ತನ್ನ ಮುತ್ತಜ್ಜನ ಮನೆಬಾಗಿಲಿಗೆ ‘ಆ ಹುಡುಗಿಯನ್ನು ಮದುವೆಯಾಗಬೇಡಿ’ ಎಂದು ಬರೆದು ಕಳಿಸಿದನಂತೆ. ಮಾರನೆಯ ದಿನ ಪರೀಕ್ಷೆಯೂ ಇತ್ತು, ತಾನೂ ಇದ್ದೆ ಎಂದು ಬೇಸರಪಟ್ಟುಕೊಂಡನಂತೆ. ನಾನು ನನ್ನದನ್ನು ಕೊನೆಯ ವರ್ಷದವರೆಗೆ ಎತ್ತಿಡಬೇಕೆಂದಿದ್ದೆ. ಸಿಕ್ಕಿದ್ದನ್ನೆಲ್ಲ ಎತ್ತಿಡುವುದು ಹಾಸ್ಟೆಲಿನಲ್ಲಿ ಬೆಳೆದವರಿಗೆ ಅಂಟುವ ರೋಗ. ಈಗ ಎತ್ತಿಡಲು ಸಮಯವಿಲ್ಲ. ಸಂಜೆಯ ಗಂಟೆ ಹೊಡೆಯುವುದರೊಳಗೆ ಇದು ಹೊರಡಬೇಕು.

ಇದನ್ನು ಈ ಊರಿನ ಹೊಳೆಬೀದಿಯ ಕಾರಂಜಿಯ ಹತ್ತಿರಕ್ಕೆ ಕಳಿಸುತ್ತಿದ್ದೇನೆ. ನೀವು ಈಗ ಅಲ್ಲಿ ನಿಂತಿರಬೇಕು. ಬೆಳಿಗ್ಗೆ ರೈಲಿಳಿದು, ಕೋಟೆ ಬಾಗಿಲು ದಾಟಿ, ಇಳಿಜಾರಿನ ಕಲ್ಲುಹಾಸಿನ ಬೀದಿಯಲ್ಲಿ ಮೊಣಕಾಲು ಹಿಡಿದುಕೊಂಡು ಇಳಿದಿರುತ್ತೀರಿ. ಕಲ್ಲಿನ ತೊಟ್ಟಿಯ ಹಿತ್ತಾಳೆ ಕೊಳವೆಗೆ ಬಾಟಲಿ ಒಡ್ಡಿರುತ್ತೀರಿ. ನಮ್ಮ ಕಡೆಯವರಾದರೆ ಬೆನ್ನಿನ ಚೀಲದಲ್ಲಿ ಊರಿಂದ ತಂದ ಚಕ್ಕುಲಿಯೂ ಇದ್ದೀತು. ನಿಮ್ಮ ಎದುರಿನ ಗೋಡೆಯಲ್ಲಿ, ಸರಿಯಾಗಿ ನಿಮ್ಮ ಕಣ್ಣಿನ ಮಟ್ಟಕ್ಕೆ, ಒಂದು ಕಲ್ಲಿನ ಫಲಕವಿದೆ. ಇಸವಿ ಸವೆದುಹೋಗಿದೆ. ಒಂದು ಗೆರೆ, ಗೆರೆಯ ಕೆಳಗೆ ಹಳೆಯ ಜರ್ಮನ್ನಿನಲ್ಲಿ ‘ನೀರು ಇಲ್ಲಿತ್ತು’ ಎಂಬ ಬರಹ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಮೊದಲು ದಯವಿಟ್ಟು ಈ ಕಾಗದವನ್ನು ಪೂರ್ತಿ ಓದಿ.

ನಾವು ಇಲ್ಲಿಗೆ ಹೇಗೆ ಬಂದೆವು ಎಂದು ಹೇಳಿಬಿಡುತ್ತೇನೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಈ ದೇಶದವರು ನದಿಯ ಸಹವಾಸವೇ ಸಾಕೆಂದು ಮಲೆಗೆ ಏರಿದರು. ದಂಡೆಯ ಹಳೆಯ ಊರುಗಳು ಗೋಪುರ, ಗಡಿಯಾರ, ಹೂಕುಂಡಗಳ ಸಮೇತ ಖಾಲಿ ಬಿದ್ದವು. ಒಲೆ ಉರಿಯದ ಮನೆ ಬೇಗ ಕುಸಿಯುತ್ತದೆ. ಒಲೆ ಹಚ್ಚಿ ಕಿಟಕಿ ತೆರೆದಿಡಲು ಯಾರಾದರೂ ಬನ್ನಿ ಎಂದು ಕರೆದಾಗ, ಬತ್ತಿದ ಕಾವೇರಿಯ ದಂಡೆಯಿಂದ ಹೊರಟು ಬಂದವರು ನಮ್ಮವರು. ನಮಗೆ ಊರುಗಾಪಿನವರು ಎನ್ನುತ್ತಾರೆ. ಊರುಗಾಪಿನ ಮುಖ್ಯ ಕೆಲಸ ನಡೆಯುವುದು. ಊರಿಂದ ಊರಿಗೆ ನದಿಯ ಗುಂಟ ನಡೆದು, ಯಾವ ಸೇತುವೆಯ ಕಾಲು ಸಡಿಲಾಗಿದೆ, ಯಾವ ಕಾರಂಜಿಯ ನೀರು ಮಣ್ಣು ವಾಸನೆ ಹೊಡೆಯುತ್ತಿದೆ ಎಂದು ನೋಡಿ ಬರುವುದು. ನೀವು ರಜೆಯಲ್ಲಿ ಖುಷಿಗೆ ನಡೆಯುವ ದಾರಿಯಲ್ಲಿ ನಾವು ಮಾರ್ಕಿಗೆ ನಡೆಯುತ್ತೇವೆ. ನಿಮ್ಮ ಹಳದಿ ಬಾಣದ ಫಲಕಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಮುಂದಿನ ಊರು ಎಷ್ಟು ದೂರ ಎಂದು ಬರೆಯದೆ, ನಡೆಯಲು ಎಷ್ಟು ಹೊತ್ತು ಎಂದು ಬರೆದ ಜನ ನೀವು. ಆದರೆ ನೀವು ಬರೆದ ಹೊತ್ತಿಗೆ ನಾವು ಎಂದೂ ತಲುಪುವುದಿಲ್ಲ, ಏಕೆಂದರೆ ನಿಮ್ಮ ದಾರಿಯ ಅರ್ಧ ಈಗ ನೀರಿನಡಿಯಲ್ಲಿದೆ.

ಈ ಸಲದ ನಡಿಗೆಯಲ್ಲಿ ನನ್ನ ಜೋಡಿ ಉರ್ಸಿನಾ. ಮಲೆಯವರ ಹುಡುಗಿ, ನನ್ನ ರೂಮ್‌ಮೇಟ್, ಹಾಸ್ಟೆಲ್ ಕನ್ನಡವನ್ನು ನಮಗಿಂತ ಜೋರಾಗಿ ಆಡುವವಳು. ಆರೌ ಪಟ್ಟಣದಿಂದ ಹೊರಟೆವು. ಅಲ್ಲಿನ ಮನೆಗಳ ಸೂರಿನ ಅಡಿಭಾಗಕ್ಕೆ ಹಿಂದಿನವರು ಹೂಬಳ್ಳಿಗಳ ಚಿತ್ತಾರ ಬರೆದಿದ್ದಾರೆ. ಆ ಊರಿನಲ್ಲಿ ತಲೆಯೆತ್ತಿಕೊಂಡೇ ನಡೆಯಬೇಕು, ಎಡವಬೇಕು, ಬೈಸಿಕೊಳ್ಳಬೇಕು. ಬ್ರುಗ್ ಎಂಬ ಊರು ತಲುಪುವ ಹೊತ್ತಿಗೆ ಮಳೆಯ ಸದ್ದು ಕೇಳಿಸದಷ್ಟು ಹೊಳೆಯ ಸದ್ದು. ಬಂಡೆಗಳ ನಡುವೆ ಆರೆ ಇಕ್ಕಟ್ಟಾಗುವ ಆ ಜಾಗದಲ್ಲಿ, ಬೇರು ಮೇಲಾದ ಮರಗಳು ಒಂದರ ಹಿಂದೆ ಒಂದು, ಗಲಾಟೆ ಮಾಡದೆ, ಸಾಲಿನಲ್ಲಿ ಊಟಕ್ಕೆ ಹೊರಟ ಹಾಗೆ ಹೋಗುತ್ತಿದ್ದವು. ಇನ್ನೂ ಕೆಳಗೆ, ಮೂರು ನದಿ ಕೂಡುವಲ್ಲಿ ಹಸಿರು, ಬೂದು, ಮಣ್ಣುಗೆಂಪು ನೀರು ಬೇರೆ ಬೇರೆಯಾಗಿ ಹರಿಯುವುದನ್ನು ನಮಗೆ ತೋರಿಸುತ್ತಾರೆ. ಮೊನ್ನೆ ಮೂರೂ ಒಂದೇ ಬಣ್ಣವಾಗಿದ್ದವು. ಚಹಾ ಬಸಿದ ಮೇಲೆ ಉಳಿದ ಚರಟದ ಬಣ್ಣ. ಆದರೂ ನನಗೆ ಒಳಗೆಲ್ಲೋ ಸಂತೋಷವಾಯಿತು. ಹೊಳೆ ತುಂಬಿದೆ ಎಂದರೆ ನಮ್ಮ ರಕ್ತಕ್ಕೆ ಹಾಗೆ. ಉರ್ಸಿನಾ ನನ್ನ ಮುಖ ನೋಡಿದಳು. “ಲೇ ಸೋಮಿ, ಹೊಳೆ ತುಂಬುದ್ರೆ ನಿಮ್ಮೋರಿಗೆ ಹಬ್ಬ, ನಮ್ಮೋರಿಗೆ ಗಂಟುಮೂಟೆ. ಇರೋದು ಒಂದೇ ಹೊಳೆ ಕಣೆ. ಇಬ್ರಲ್ಲಿ ಯಾರೋ ಒಬ್ರು ದಡ್ರು” ಎಂದಳು.

ಹಬ್ಬವೆಂದರೆ ಬಾಗಿನ. ತುಂಬಿದ ಹೊಳೆ ಬಸುರಿಯಂತೆ. ಅವಳಿಗೆ ಜೋಡಿ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಧಾನ್ಯ ಇಟ್ಟು ಬಾಗಿನ ಕೊಡುವುದನ್ನು ನಮ್ಮವರು ಕಾವೇರಿಯಿಂದ ಹೊತ್ತು ತಂದರು. ಇಲ್ಲಿ ಬಿದಿರಿಲ್ಲ, ಮೊರವನ್ನು ದಂಡೆಯ ನೀರುಮರದ ಕಡ್ಡಿಯಿಂದ ಹೆಣೆಯುತ್ತಾರೆ. ಮೇಲಿನಿಂದ ಎಸೆಯುವ ಹಾಗಿಲ್ಲ, ಕೊಡುವವರ ಕೈ ನೀರಿಗೆ ತಾಗಲೇಬೇಕು. ಹಾಗಾಗಿ ಹೆಂಗಸರು, ಹೆಣ್ಣುಮಕ್ಕಳೆಲ್ಲ ಹಾಸ್ಟೆಲಿನ ಕಟ್ಟೆಯ ಮೇಲೆ ಸೇರಿ, ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಕೊಡುತ್ತಾರೆ. ಆ ಕಟ್ಟೆಯನ್ನು ನಮ್ಮ ಹಿರಿಯರೇ ಕಟ್ಟಿದ್ದು, ನೀವು ನೋಡುತ್ತಿರುವ ಫಲಕಕ್ಕಿಂತ ಒಂದು ಮೊಳ ಎತ್ತರಕ್ಕೆ. ನೀರು ಎಂದೂ ಏರದ ಎತ್ತರ ಅದು ಎಂದು ಫಲಕವೇ ಹೇಳುತ್ತದಲ್ಲ. ಫಲಕದ ಮೇಲಿದ್ದವರಿಗೆ ಭಯವಿಲ್ಲ ಎಂಬುದು ಇಲ್ಲಿ ಮಗು ಕಲಿಯುವ ಮೊದಲ ಪಾಠ. ಅದನ್ನು ನಂಬಿಯೇ ಫಲಕವಿರುವ ಆ ಗೋಡೆಯ ಕಟ್ಟಡವನ್ನು ಮಕ್ಕಳ ಹಾಸ್ಟೆಲ್ ಮಾಡಿದರು. ಎಂಟು ವರ್ಷದ ನನ್ನ ತಂಗಿ ಕುಸುಮಿ ಅದರ ಎರಡನೆಯ ಮಹಡಿಯಲ್ಲಿ ಮಲಗುತ್ತಾಳೆ, ಕಿಟಕಿಯ ಪಕ್ಕದ ಮಂಚ. ಅವಳು ಹುಟ್ಟಿದ ಮೇಲೆ ಆರೆ ತುಂಬಿದ್ದು ಇದೇ ಮೊದಲು. ಇವತ್ತು ಸಂಜೆಯ ಗಂಟೆ ಹೊಡೆದಾಗ ಮೊದಲ ಮೊರ ಅವಳ ಕೈಯಲ್ಲಿ.

ನಡಿಗೆ ಮುಗಿಸಿ ಮೊನ್ನೆ ಮಧ್ಯಾಹ್ನ ಹೊಳೆಬೀದಿಗೆ ಬಂದಾಗ ಹೊಳೆಯ ನೀರು ಇನ್ನೂ ಬೀದಿಗೆ ಹತ್ತಿರಲಿಲ್ಲ. ಉರ್ಸಿನಾ ಕಾರಂಜಿಗೆ ಬಾಯಿಟ್ಟು ಕುಡಿದು, ಆರೌವಿನ ಚಾಳಿ ಬಿಡದೆ ತಲೆಯೆತ್ತಿದಳು. ಆಮೇಲೆ ಇಳಿಸಲೇ ಇಲ್ಲ. “ಅಲ್ನೋಡು” ಎಂದಳು. ಕುಸುಮಿಯ ಕಿಟಕಿಯ ಪಕ್ಕ, ಗೋಡೆಯಲ್ಲಿ, ಗಾರೆ ತುಂಬಿದ ನಾಲ್ಕು ತೂತುಗಳು. ನಾಲ್ಕರ ನಡುವೆ ಚೌಕಾಕಾರದಲ್ಲಿ ಕಲ್ಲು ಸ್ವಲ್ಪ ಬಿಳಿ, ಗೋಡೆಯಿಂದ ಕ್ಯಾಲೆಂಡರ್ ತೆಗೆದ ಮೇಲೆ ಉಳಿಯುವ ಹಾಗೆ. ಇಷ್ಟು ವರ್ಷ ಅದೇ ಹಾಸ್ಟೆಲಿನಲ್ಲಿ ಬೆಳೆದ ನಾನು ಒಂದು ದಿನವೂ ಅಲ್ಲಿ ನೋಡಿರಲಿಲ್ಲ. ನೋಡಬೇಕಾದ್ದು ಕಣ್ಣಿನ ಮಟ್ಟದಲ್ಲೇ ಇದ್ದಾಗ ತಲೆಯೆತ್ತುವವರು ಯಾರು?

ಕೆಳಗಿನ ಫಲಕದ ಮೇಲೆ ದೊಡ್ಡ ಹಾಳೆ ಹಿಡಿದು, ಅಂಚು ಮತ್ತು ನಾಲ್ಕು ಮೊಳೆಗಳ ಗುರುತು ಮಾಡಿಕೊಂಡೆವು. ಮೇಲೆ ಹೋಗಿ, ಕುಸುಮಿಯ ಮಂಚ ಹತ್ತಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಹಾಳೆಯನ್ನು ಗೋಡೆಗೆ ಒತ್ತಿದೆ. ಉರ್ಸಿನಾ ನನ್ನ ಸೊಂಟ ಹಿಡಿದಿದ್ದಳು. ನಾಲ್ಕು ಗುರುತುಗಳೂ ನಾಲ್ಕು ತೂತುಗಳ ಮೇಲೆ ಕೂತವು. ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಕುಸುಮಿ ನನ್ನ ಲಂಗ ಎಳೆಯುತ್ತಿದ್ದಳು. “ಅಕ್ಕಾ, ನೀರು ಇಲ್ಲೀಗಂಟ ಬಂದಿತ್ತಾ? ಹಂಗಾದ್ರೆ ನನ್ ದಿಂಬಿನ ಮೇಲೆ ಮೀನು ಮಲಗಿತ್ತಾ?” ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕಳು. ನಾನು ಹಾಳೆ ಸುತ್ತಿಕೊಂಡು ಮಂಚದಿಂದ ಇಳಿದೆ.

ಫಲಕವನ್ನು ಕೆಳಗಿಳಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ಇಳಿಸಿದ್ದು ನಿಮ್ಮ ಕಾಲದಲ್ಲೇ ಇರಬೇಕು, ಏಕೆಂದರೆ ನಿಮ್ಮ ಕಾಲದ ಚಿತ್ರಗಳಲ್ಲೆಲ್ಲ ಬಣ್ಣದ ಜಾಕೆಟ್ಟಿನವರು ಅದರ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದಾರೆ. ಗೋಡೆಗೆ ಸುಣ್ಣ ಬಳಿಯುವಾಗ ತೆಗೆದಿರಬಹುದು. ವಾಪಸ್ ಹಾಕುವಾಗ, ಪಾಪ ನಡೆದು ಬಂದವರು ಕತ್ತು ನೋಯಿಸಿಕೊಳ್ಳುವುದು ಬೇಡ, ಕೈಗೆ ಎಟುಕುವಲ್ಲಿ ಇರಲಿ ಎಂದು ಯಾರೋ ಒಳ್ಳೆಯ ಮನಸ್ಸಿನವರು ಹೇಳಿರಬಹುದು. ಕೆಟ್ಟ ಮನಸ್ಸಿನಿಂದ ಯಾರೂ ಮಾಡಿರಲಾರರು. ನನಗೆ ಹೆಚ್ಚು ಹೆದರಿಕೆಯಾಗುವುದೂ ಅದಕ್ಕೇ.

ಹಾಳೆಯನ್ನು ನಮ್ಮ ಮೇಷ್ಟರಿಗೆ ತೋರಿಸಿದೆ. ಚೆನ್ನಾಗಿದೆ, ಮುಗಿಲ ತಿಂಗಳು ಮುಗಿದ ಮೇಲೆ ಪರಿಶೀಲಿಸೋಣ ಎಂದರು. ವಾರ್ಡನ್ ಜಯಾಂಬ ಅತ್ತೆಗೆ ತೋರಿಸಿದೆ. ಅತ್ತೆ ಕೆಟ್ಟವರಲ್ಲ, ನನಗೆ ಜ್ವರ ಬಂದಾಗಲೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈ ಅವರದು. ಮೊರಕ್ಕೆ ಅರಿಶಿನ ಹಚ್ಚುತ್ತಾ ಕೂತಿದ್ದವರು ತಲೆಯೆತ್ತಲಿಲ್ಲ. “ನಾಕು ತೂತು ನೋಡ್ಕಂಡು ನಾಕು ತಲೆಮಾರಿನ ಪದ್ಧತಿ ಬಿಡಕ್ಕಾಯ್ತದಾ? ಯಾವ್ದೋ ಅಂಗಡಿ ಬೋರ್ಡು ಇದ್ದಿರ್ಬೇಕು ಅಲ್ಲಿ. ತುಂಬಿದ ಹೊಳೆ ಮುಂದೆ ಅಪಶಕುನ ಆಡ್ಬಾರ್ದು ಕಣವ್ವ. ಬಸುರಿ ಮುಂದೆ ಸಾವಿನ ಮಾತಾಡ್ತೀವಾ ನಾವು?” ಹಾಳೆ ಮಡಚಿಕೊಂಡು ಹೊರಗೆ ಬಂದೆ. ಸುಮ್ಮನಾಗುವುದನ್ನು ಹಾಸ್ಟೆಲ್ ನನಗೆ ಚೆನ್ನಾಗಿ ಕಲಿಸಿದೆ.

ನಿನ್ನೆ ನೀರು ಬೀದಿಗೆ ಬಂತು. ಇವತ್ತು ಬೆಳಿಗ್ಗೆ ಕಾರಂಜಿಯ ತೊಟ್ಟಿಯ ಬುಡದಲ್ಲಿತ್ತು. ಈ ಕಾಗದ ಶುರು ಮಾಡಿದಾಗ ತೊಟ್ಟಿಯ ಅರ್ಧಕ್ಕಿತ್ತು, ಈಗ ಹಾಸ್ಟೆಲಿನ ಕಿಟಕಿಯಿಂದ ಇಣುಕಿದರೆ ತೊಟ್ಟಿ ಕಾಣುತ್ತಿಲ್ಲ. ಹಿತ್ತಾಳೆ ಕೊಳವೆ ಮಾತ್ರ ಕತ್ತು ಹೊರಗಿಟ್ಟು, ಹೊಳೆಗೇ ನೀರು ಕುಡಿಸುತ್ತಿದೆ. ಕಟ್ಟೆಯ ಮೇಲೆ ಹೆಂಗಸರು ಫಲಕದ ಕಡೆ ನೋಡಿ, ಇನ್ನೂ ಎಷ್ಟು ಜಾಗ ಇದೆ ನೋಡ್ರೇ ಎಂದು ನಗುತ್ತಿದ್ದಾರೆ. ಮಕ್ಕಳಿಗೆ ಹೊಸ ಬಳೆ ತೊಡಿಸುತ್ತಿದ್ದಾರೆ. ಮಲೆಯ ಕಡೆ ಓಡಲು ಇರುವುದು ಮೇಲಿನ ಕೋಟೆ ಬಾಗಿಲೊಂದೇ, ಅದಕ್ಕೂ ಸಂಜೆಯಾದ ಮೇಲೆ ಅಗುಳಿ ಹಾಕುತ್ತಾರೆ. ಉರ್ಸಿನಾಳನ್ನು ಕರೆದೊಯ್ಯಲು ಅವಳ ಮನೆಯವರು ಬಂದಿದ್ದರು, ಅವಳು ಹೋಗಲಿಲ್ಲ. “ನಾನು ಬಾಗ್ಲು ತೆಗೆದಿಟ್ಕೊಂಡು ನಿಂತಿರ್ತೀನಿ. ಆದ್ರೆ ಕೂಗೋದು ನೀನು. ನಾನ್ ಕೂಗುದ್ರೆ ಯಾರು ಕೇಳ್ತಾರೆ? ಅವರು ನಿಮ್ಮೋರು” ಎಂದು ಹೇಳಿ ಮಳೆಯಲ್ಲಿ ಮೇಲೆ ಹತ್ತಿ ಹೋದಳು.

ನನ್ನ ಕೋರಿಕೆ ದೊಡ್ಡದೇನಲ್ಲ. ಒಂದು ಏಣಿ ತನ್ನಿ, ನಾಲ್ಕು ಮೊಳೆ ತನ್ನಿ. ಫಲಕವನ್ನು ಬಿಚ್ಚಿ ಎರಡನೆಯ ಮಹಡಿಯ ಕಿಟಕಿಯ ಪಕ್ಕ, ಅದು ಇದ್ದಲ್ಲೇ, ಹಾಕಿ. ಊರಿನವರು ಕೇಳಿದರೆ ತೂತುಗಳನ್ನು ತೋರಿಸಿ. ನಡೆದು ಬಂದವರಿಗೆ ಕತ್ತು ನೋಯಲಿ. ನೀವು ನಡೆಯುವ ಬೇರೆ ಊರುಗಳಲ್ಲೂ ಇಂಥ ಗೆರೆಗಳಿರುತ್ತವೆ. ಅವು ಕೈಗೆ ಸುಲಭವಾಗಿ ಎಟುಕಿದರೆ ಒಮ್ಮೆ ತಲೆಯೆತ್ತಿ ಮೇಲೆ ನೋಡಿ. ಇಷ್ಟು ನೀವು ಮಾಡಿದರೆ, ನಮ್ಮ ಹಿರಿಯರು ಬಂದ ಮೊದಲ ದಿನವೇ ಆ ಗೆರೆ ನೋಡಿ ಹೌಹಾರಿ, ಮಕ್ಕಳನ್ನೆಲ್ಲ ಮಲೆಗೆ ಹತ್ತಿಸಿರುತ್ತಾರೆ. ಹೊಳೆಯ ಮುಂದೆ ಕಟ್ಟೆಯೇ ಇರುವುದಿಲ್ಲ. ನಾನೂ ಈ ಕಾಗದ ಬರೆದಿರುವುದಿಲ್ಲ. ಎಲ್ಲೋ ಮೇಲೆ, ಒಣಗಿದ ರೂಮಿನಲ್ಲಿ, ಪರೀಕ್ಷೆಯ ಬಗ್ಗೆ ಮಾತ್ರ ಟೆನ್ಷನ್ ಮಾಡಿಕೊಂಡು ಕೂತಿರುತ್ತೇನೆ. ನಿಮಗೆ ಥ್ಯಾಂಕ್ಸ್ ಹೇಳುವವರು ಯಾರೂ ಇರುವುದಿಲ್ಲ, ಅದಕ್ಕೆ ಈಗಲೇ ಹೇಳುತ್ತಿದ್ದೇನೆ.

ಮೇಲಿನ ಅಂಗಳದಲ್ಲಿ ಕುಸುಮಿ ಕರೆಯುತ್ತಿದ್ದಾಳೆ, ಮೊರ ಭಾರವಂತೆ. ಗಂಟೆ ಹೊಡೆದ ಕೂಡಲೇ ನಾನು ಕಟ್ಟೆಗೆ ಹೋಗುತ್ತೇನೆ. ಮೊದಲು ಗೋಡೆ ನೋಡುತ್ತೇನೆ. ಫಲಕ ಇನ್ನೂ ಕೆಳಗೇ ಇದ್ದರೆ ತುಂಬಿದ ಹೊಳೆಯ ಮುಂದೆ, ಅಷ್ಟೂ ಹೆಂಗಸರ ಮುಂದೆ, ಅಪಶಕುನ ಆಡುವವಳು ನಾನೇ. ನನ್ನ ದನಿ ಊಟದ ಸಾಲಿನಲ್ಲೇ ಹಿಂದಿನವರಿಗೆ ಕೇಳಿಸುವುದಿಲ್ಲ. ಹೊಳೆಯ ಸದ್ದಿನಲ್ಲಿ ಎಷ್ಟು ಜನಕ್ಕೆ ಕೇಳೀತೋ ತಿಳಿಯದು. ಅದಕ್ಕೇ ನಿಮಗೂ ಬರೆದೆ.

ಗಂಟೆ ಹೊಡೆಯುತ್ತಿದೆ. ಏಣಿ ತನ್ನಿ.

ಇಂತಿ,
ಸೋಮಾಂಬಿಕೆ