ಶುಕ್ರವಾರದ ಜುಮ್

8 ನವೆಂಬರ್ 1985, ಶುಕ್ರವಾರ

ಮತ್ತೆ ಏಳರ ಬಸ್ಸು ತಪ್ಪಿತು. ಬಿ.ಎಸ್ಸಿ. ಎಂದರೆ ‘ಬಸ್ ಸಿಗದ ಚಿಂತೆ’ ಎಂಬುದು ಇವತ್ತು ಖಚಿತವಾಯಿತು. ಕಡೂರಿನಿಂದ ಸಿಂಗಟಗೆರೆಗೆ ಹಾಲಿನ ಲಾರಿಯಲ್ಲಿ, ಕ್ಯಾನುಗಳ ನಡುವೆ ಪ್ರಯಾಣ. ಇಳಿಯುವಾಗ ನಾನೂ ಅರ್ಧ ಮೊಸರಾಗಿದ್ದೆ.

ಸೊಸೈಟಿಯ ‘ಸಂಚಾರಿ ಡೀಸೆಲ್ ಕೇಂದ್ರ’ ಕೆರೆ ಏರಿಯ ಕೆಳಗೆ ನಿಂತಲ್ಲೇ ನಿಂತಿತ್ತು. ನಾಲ್ಕು ಚಕ್ರ, ಮೇಲೊಂದು ಟ್ಯಾಂಕು, ಪಕ್ಕಕ್ಕೊಂದು ಪಂಪು, ಪಂಪಿಗೆ ಕರೆಂಟು ಹಂಚುವ ಕಬ್ಬಿಣದ ಬೀರು — ಪ್ಯಾನಲ್ ಬೋರ್ಡು. ಬೇಸಿಗೆಗೆ ತರೀಕೆರೆ, ಮಳೆಗಾಲಕ್ಕೆ ಅಜ್ಜಂಪುರ, ದಸರೆಗೆ ತುಸು ಮುಂಚೆ ಇಲ್ಲಿಗೆ. ಟ್ರಾಕ್ಟರು ಎಳೆದ ಕಡೆ ಹೋಗುತ್ತದೆ. ಅದರ ಇನ್‌ಚಾರ್ಜ್ ನಾನು. ನನ್ನದೂ ಅದೇ ಗತಿ. ಅದಕ್ಕಾದರೂ ಬ್ರೇಕ್ ಇದೆ.

ಆಪರೇಟರ್ ರೇವಣಪ್ಪ ಎಂದಿನಂತೆ ಶುಕ್ರವಾರದ ಸೇವೆಯಲ್ಲಿದ್ದ. ಬೀರುವಿನ ಮುಂದೆ ಎರಡು ಕೊಡ ನೀರು ಹೊಯ್ದು, ಸಗಣಿ ಸಾರಿಸಿ, ರಂಗೋಲಿ. ಆಯುಧಪೂಜೆಯ ದಿನ ಅದರ ಪಕ್ಕೆಗೆ ಅಮ್ಮನವರ ಪಟ ಕೂರಿಸಿದ್ದಾನೆ. ಅವತ್ತಿನಿಂದ ಶುಕ್ರವಾರ ಅಲ್ಲಿ ಚಪ್ಪಲಿ ನಿಷಿದ್ಧ. ನಾನೂ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು, ಹಿಡಿಗೆ ಕೈ ಹಾಕಿದೆ.

ಜುಮ್! ಮೊಣಕೈವರೆಗೂ ಇರುವೆ ಹರಿದ ಹಾಗೆ.

“ಏ ರೇವಣ್ಣ, ಇದೇನೋ ಹಿಂಗಂತದೆ!”

“ನಿಮಗೂ ಬಂತಾ ಸಾರ್?” ಅವನ ಮುಖ ಅರಳಿತು. “ಅಮ್ಮ ಬಂದವ್ಳೆ. ಪಟ ಇಟ್ಟಾಗಿಂದ್ಲೂ ಹಿಂಗೇ. ಶುಕ್ರವಾರ ಮಾತ್ರ.”

“ಮಿಕ್ಕ ದಿನ?”

“ಮಿಕ್ಕ ದಿನ ಅಮ್ಮಂಗೆ ಬೇರೆ ಊರು ಇರಲ್ವಾ ಸಾರ್?”

ಕಾಲೇಜಿನಲ್ಲಿ ಕರೆಂಟ್ ಅಫೇರ್ಸ್ ಓದಿದ್ದೆ. ಈಗ ಕರೆಂಟಿನ ಜೊತೆಗೇ ಅಫೇರು. ಆದರೆ ಪಂಚಾಂಗ ನೋಡಿ ಬರುವ ಕರೆಂಟು ಯಾವುದಪ್ಪ?

13 ನವೆಂಬರ್, ಬುಧವಾರ

ದೀಪಾವಳಿ ಮುಗಿಯಿತು. ಹೊಟ್ಟೆಯಲ್ಲಿ ಒಬ್ಬಟ್ಟು, ತಲೆಯಲ್ಲಿ ಬೀರು.

ಶನಿವಾರ ಮುಟ್ಟಿದೆ. ಏನೂ ಇಲ್ಲ. ಸೋಮವಾರ, ಇಲ್ಲ. ಇವತ್ತೂ ಇಲ್ಲ. ಭಕ್ತನ ಹಾಗೆ ದಿನಾ ಸವರುತ್ತಿದ್ದೇನೆ. ದರ್ಶನವಿಲ್ಲ.

ಲೈನ್‌ಮನ್ ಅಂಜಿನಪ್ಪ ಸೈಕಲ್ಲಿನಲ್ಲಿ ಹೋಗುತ್ತಿದ್ದ. ತಡೆದು ಕೇಳಿದೆ — ಶುಕ್ರವಾರ ವೋಲ್ಟೇಜ್ ಏನಾದರೂ ಜಾಸ್ತಿ ಇರುತ್ತಾ?

“ನಿಮ್ಗೆ ಶುಕ್ರವಾರಕ್ಕೊಂದು ಶನಿವಾರಕ್ಕೊಂದು ಬೇರೆ ಬೇರೆ ಕರೆಂಟ್ ಬಿಡಕ್ಕೆ ನಾವೇನ್ ಹೋಟ್ಲು ಇಟ್ಟಿದೀವಾ ಸಾರ್? ಇರೋದೊಂದನ್ನೇ ಸರ್ಯಾಗಿ ಕೊಡಕ್ಕಾಗ್ತಿಲ್ಲ.”

ನಗುತ್ತಾ ಪೆಡಲ್ ತುಳಿದ. ನನಗೆ ನಗು ಬರಲಿಲ್ಲ. ಕುತೂಹಲ ಎಂಬುದು ಹಲ್ಲುಸಂದಿಯ ಅಡಿಕೆ ಚೂರು. ನಾಲಿಗೆ ಸುಮ್ಮನಿರದು.

15 ನವೆಂಬರ್, ಶುಕ್ರವಾರ

ಜನ! ಡೀಸೆಲ್ಲಿಗೆ ಬಂದ ಟ್ರಾಕ್ಟರಿಗಿಂತ ಅಮ್ಮನಿಗೆ ಬಂದ ಕಾಲುಗಳೇ ಹೆಚ್ಚು. ಎಲ್ಲವೂ ಬರಿಗಾಲು. ಸಾಲಿನ ಮುಂದೆ ಕಲ್ಲಮ್ಮಜ್ಜಿ. ಹೋದ ವಾರ ಮುಟ್ಟಿದ ಮೇಲೆ ಮಂಡಿನೋವು ಇಳಿಯಿತಂತೆ. ಸುದ್ದಿ ಪಂಚನಹಳ್ಳಿವರೆಗೂ ಹೋಗಿದೆ.

ಜೇಬಿನಲ್ಲಿ ಟೆಸ್ಟರ್ ಇತ್ತು. ತುದಿ ತಾಗಿಸಿದರೆ ಹಿಡಿಯೊಳಗೆ ಪುಟ್ಟ ದೀಪ ಹೊತ್ತುವ ಸ್ಕ್ರೂಡ್ರೈವರು. ಎಲ್ಲರೆದುರು ವಿಜ್ಞಾನ ಬೋಧಿಸೋಣವೆಂದು ಹುಮ್ಮಸ್ಸು ಬಂತು. “ನೋಡಿ, ಇದು ಕರೆಂಟ್ ಸೋರಿಕೆ. ಸೋರಿದರೆ ಇದರೊಳಗೆ ದೀಪ ಹತ್ತುತ್ತದೆ” ಎಂದು ಬೀರುವಿಗೆ ತಾಗಿಸಿದೆ.

ಹತ್ತಿತು. ಕೆಂಪಗೆ.

“ಅಯ್ಯೋ ಶಿವನೇ, ನೋಡ್ರೇ! ಒಳಗೆ ಅಮ್ಮನ ಕುಂಕುಮ ಹೊಳೀತೈತೆ!” — ಕಲ್ಲಮ್ಮಜ್ಜಿ.

ಸಾಲಿಡೀ ಕೈ ಮುಗಿಯಿತು. ಒಬ್ಬಾಕೆ ಟೆಸ್ಟರಿಗೂ ಹೂ ಮುಡಿಸಿದಳು. ಬೋಧಿಸಹೋದವನು ಪೂಜಾರಿಯಾಗಿ ಬಂದೆ. ಇನ್ನು ಮಂಗಳಾರತಿ ತಟ್ಟೆ ಹಿಡಿಯುವುದೊಂದು ಬಾಕಿ.

18 ನವೆಂಬರ್, ಸೋಮವಾರ

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ರೇವಣಪ್ಪ ಮೆಲ್ಲಗೆ ಹೇಳಿದ —

“ಬರೋ ಶುಕ್ರವಾರ ನಮ್ಮನೇವ್ಳ್ನ ಕರ್ಕೊಂಡ್ ಬತ್ತೀನಿ ಸಾರ್. ಒಂದು ಸಲ ಮುಟ್ಟಿಸ್ಬೇಕು.”

ಅವನ ಹೆಂಡತಿ ಹುಲಿಗೆಮ್ಮ. ಎಂಟು ತಿಂಗಳ ಬಸುರಿ. ಹಿಂದಿನ ಎರಡೂ ಕೈಗೆ ಹತ್ತಲಿಲ್ಲ. ಒಂದು ಹೊಟ್ಟೆಯಲ್ಲೇ ಹೋಯಿತು, ಇನ್ನೊಂದು ಹುಟ್ಟಿ ಉಸಿರಾಡಲಿಲ್ಲ.

“ಅಮ್ಮ ಒಂದ್ಸಲ ಜುಮ್ ಅಂದ್ರೆ ಸಾಕು, ಇದು ಉಳೀತದೆ ಅಂತ ಅವಳ ಮನಸ್ನಾಗೆ.”

ತಮಾಷೆ ಮಾಡಲು ಬಾಯಿ ತೆರೆದಿದ್ದೆ. ಮುದ್ದೆ ತುರುಕಿ ಮುಚ್ಚಿಕೊಂಡೆ.

20 ನವೆಂಬರ್, ಬುಧವಾರ

ಸಿಕ್ಕಿತು!! ಸಿಕ್ಕ ಮೇಲೆ ಬೆವರಿಳಿಯಿತು.

ಇವತ್ತು ಬುಧವಾರ. ಅಮ್ಮ ಪರ ಊರಲ್ಲಿರುವ ದಿನ. ಕಾಲಲ್ಲಿ ಚಪ್ಪಲಿ, ನೆಲ ಒಣ. ಮುಟ್ಟಿದರೆ ಏನೂ ಇಲ್ಲ. ಸುಮ್ಮನೆ ಟೆಸ್ಟರ್ ತಾಗಿಸಿದೆ — ಕೆಂಪಗೆ ಹತ್ತಿತು! ಚಪ್ಪಲಿ ಬಿಟ್ಟೆ. ಚೊಂಬಿನ ನೀರು ಕಾಲಿಗೆ ಹೊಯ್ದುಕೊಂಡೆ. ಬೆರಳ ಹಿಂಭಾಗ ತಾಗಿಸಿದೆ. ಜುಮ್.

ಅಂದರೆ ಸೋರಿಕೆ ದಿನಾ ಇದೆ. ಶುಕ್ರವಾರ ಬರುವವಳು ಅವಳಲ್ಲ, ನಾವು — ನೀರು ಹೊಯ್ದು, ಚಪ್ಪಲಿ ಬಿಟ್ಟು.

ಬೀರುವಿನ ಮೈಯಲ್ಲಿ ಸೋರಿದ್ದು ನೆಲಕ್ಕೆ ಇಳಿದುಹೋಗಲೆಂದು ಅರ್ತ್ ತಂತಿ ಇರುತ್ತದೆ. ಅಜ್ಜಂಪುರದಲ್ಲಿ ಅದಕ್ಕೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿದ್ದೆವು. ಇಲ್ಲಿ ಬಂದ ದಿನ ಅವಸರದಲ್ಲಿ ಸರಳು ಹೊಡೆದಿದ್ದರು. ಹೋಗಿ ಎಳೆದೆ. ಕೈಗೇ ಬಂತು! ಕೆಳಗೆ ಬಂಡೆ. ಆಳುದ್ದ ಹೋಗಬೇಕಾದದ್ದು ನಾಲ್ಕು ಬೆರಳು ಹೋಗಿ ನಿಂತಿದೆ. ಹಾಗಾಗಿ ಸೋರಿದ ಕರೆಂಟಿಗೆ ಇಳಿಯಲು ಇರುವ ದಾರಿ ಒಂದೇ. ನಮ್ಮ ಕಾಲು.

ಎಲ್ಲಿಂದ ಸೋರುತ್ತಿದೆಯೋ ಗೊತ್ತಿಲ್ಲ. ಇವತ್ತು ಹನಿ. ನಾಳೆ ಕೊಳಾಯಿಯೇ ತೆರೆದರೆ?

ರೇವಣಪ್ಪನಿಗೆ ಎಲ್ಲ ಹೇಳಿದೆ. ಶಾಂತವಾಗಿ ಕೇಳಿದ.

“ಅಜ್ಜಂಪುರದಾಗೆ ಜುಮ್ ಅಂತಿತ್ತಾ ಸಾರ್?”

“ಇಲ್ಲ.”

“ಅಲ್ಲಿ ಪಟ ಇತ್ತಾ?”

“ಇಲ್ಲ.”

“ಮತ್ತೆ?” ಎಂದು ಬೀಡಿ ಹಚ್ಚಲು ದೂರ ಹೋದ. ಡೀಸೆಲ್ ಹತ್ತಿರ ಬೀಡಿ ಸೇದುವವನಲ್ಲ. ಅಷ್ಟು ಹುಷಾರಿನ ಮನುಷ್ಯ.

21 ನವೆಂಬರ್, ಗುರುವಾರ

ಕಡೂರು ಆಫೀಸು. ಸೆಕ್ರೆಟರಿ ಶಿವಮೂರ್ತಪ್ಪನವರು ಕುರ್ಚಿಯಲ್ಲಿ, ಅವರ ಪಾದಗಳು ದಪ್ಪ ಕಪ್ಪು ರಬ್ಬರ್ ಚಾಪೆಯ ಮೇಲೆ. ಪ್ಯಾನಲ್ ಮುಂದೆ ನಿಲ್ಲಲೆಂದು ಕಂಪನಿ ಕೊಟ್ಟ ಚಾಪೆ! ನೆಲ ತಣ್ಣಗಿರುತ್ತದೆ, ವಾತದ ಮೈ, ಎಂದರು.

“ಸಾರ್, ಷಾಕ್ ಬರ್ತಿದೆ. ಕೇಂದ್ರ ಬಂದ್ ಮಾಡಬೇಕು.”

“ಹೋದ ತಿಂಗಳು ನಾನೇ ಮುಟ್ಟಿ ನೋಡಿದೀನಿ ಕಣ್ರೀ. ನಂಗ್ಯಾಕೆ ಬರಲಿಲ್ಲ?”

“ನೀವು ಬೂಟ್ಸ್ ಹಾಕಿದ್ರಿ ಸಾರ್.”

“ಬೂಟ್ಸ್ ಹಾಕ್ಕೊಂಡೋರ್ಗೆ ಬರದೇ ಇರೋದು ಷಾಕ್ ಹೆಂಗಾಯ್ತದೆ?” ನಕ್ಕರು. “ಸುಗ್ಗಿ ಹೊತ್ನಲ್ಲಿ ಬಂದ್ ಮಾಡಿದ್ರೆ ರೈತರು ನನ್ನನ್ನೇ ಬಂದ್ ಮಾಡ್ತಾರೆ. ಎಲೆಕ್ಟ್ರಿಷಿಯನ್ ಷಣ್ಮುಖಪ್ಪ ಸಖರಾಯಪಟ್ಟಣಕ್ಕೆ ಮದುವೆಗೆ ಹೋಗವ್ನೆ. ಸೋಮವಾರ ಕಳಿಸ್ತೀನಿ.”

“ನಾಳೆ ಶುಕ್ರವಾರ ಸಾರ್!”

“ಆದ್ರೆ ಆಗ್ಲಿ ಬಿಡ್ರೀ, ಪ್ರತಿ ವಾರ ಆಗ್ತದಲ್ಲ.”

ಚಾಪೆಯನ್ನಾದರೂ ಕೊಡಿ ಎಂದೆ. ಪಾದ ಎತ್ತಿ ಹಿಡಿದರು. ಎಳೆದುಕೊಂಡೆ. ಸುತ್ತಿ ಹೆಗಲ ಮೇಲೆ ಹೊತ್ತು ಬಂದೆ. ಬಸ್ಸಿನ ಕಂಡಕ್ಟರ್ ಲಗೇಜ್ ಕೇಳಿದ. ಜೀವರಕ್ಷಕ ಎಂದೆ. ಜೀವ ಇದ್ರೂ ಲಗೇಜ್ ಲಗೇಜೇ ಎಂದ.

22 ನವೆಂಬರ್, ಶುಕ್ರವಾರ

ಬೆಳಕು ಹರಿಯುವ ಮೊದಲೇ ಹೋದೆ. ಯಾರೂ ಇರಲಿಲ್ಲ. ಕಂಬದ ಬುಡದ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗಿಟ್ಟೆ. ಟೀ ಕುಡಿಯಲು ಊರೊಳಗೆ ಹೋಗಿ ಬರುವಷ್ಟರಲ್ಲಿ ರೇವಣಪ್ಪನ ರಂಗೋಲಿ ಆಗಿತ್ತು. ಅವನು ಹೆಂಡತಿಯನ್ನು ಕರೆತರಲು ಹೋಗಿದ್ದ. ಕರೆಂಟ್ ಇಲ್ಲ ಎಂದು ಟ್ರಾಕ್ಟರಿನವರಿಗೆ ಕೈಪಂಪಿನಲ್ಲಿ ಡೀಸೆಲ್ ತಿರುವಿ ಕೊಟ್ಟೆ. ರಟ್ಟೆ ಬಿದ್ದುಹೋಯಿತು.

ಹುಲಿಗೆಮ್ಮ ಬಂದಳು. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು, ಒದ್ದೆ ಸೆರಗು, ಬರಿಗಾಲು. ನೀರು ನಿಂತ ರಂಗೋಲಿಯ ನಡುವೆ ನಿಂತು ಎರಡೂ ಅಂಗೈ ಬೀರುವಿಗೆ ಒತ್ತಿದಳು. ಕಣ್ಣು ಮುಚ್ಚಿದಳು.

ನಿಂತಳು. ನಿಂತೇ ಇದ್ದಳು.

“ಇನ್ನೊಂದ್ಸಲ ಇಡು ಮಗಳೇ,” ಎಂದಳು ಕಲ್ಲಮ್ಮಜ್ಜಿ.

ಇಟ್ಟಳು. ಹಣೆಯನ್ನೂ ಇಟ್ಟಳು.

ಕಣ್ಣು ತೆರೆದಾಗ ಅವಳ ಮುಖ… ಬರೆಯಲಾರೆ. “ನನ್ನ ಮುಟ್ಟಲಿಲ್ಲ,” ಎಂದಳು. ಅಷ್ಟೇ. ಯಾರೋ ಹೆಂಗಸು ಲೊಚಗುಟ್ಟಿದಳು.

ಏರಿಯ ಮೇಲೆ ಹೋಗುತ್ತಿದ್ದ ಗಂಡ ಹೆಂಡತಿಯ ಹಿಂದೆ ಓಡಿದೆ. ಜೇಬಿನಿಂದ ಫ್ಯೂಸ್ ತೆಗೆದು ತೋರಿಸಿದೆ. “ಅಮ್ಮ ಅಲ್ಲ ತಾಯೀ, ನಾನು. ಫ್ಯೂಸ್ ಕಿತ್ತಿದ್ದು ನಾನು. ನಿಮಗೇನಾದರೂ ಆದೀತು ಅಂತ.”

ಅವಳು ನನ್ನ ಅಂಗೈಯ ಪಿಂಗಾಣಿ ತುಂಡನ್ನು ನೋಡಿದಳು. ಮಾತಾಡಿದವನು ರೇವಣಪ್ಪ.

“ಎಂಟು ತಿಂಗಳ ಹೆಂಗಸು ಸಾರ್. ಎರಡು ಕಳ್ಕೊಂಡವ್ಳೆ. ನಿಮ್ ಟೆಸ್ಟರಾಟ ಇವಳ ಮೇಲೇ ಆಡ್ಬೇಕಿತ್ತಾ?”

“ಇವತ್ತೊಂದಿನ ಬೇಡ ಅಂತ…”

“ಇವತ್ತೇ ಬೇಕಿತ್ತು. ಅವಳಿಗೆ ಇವತ್ತೇ ಬೇಕಿತ್ತು.”

ಇವತ್ತು ಮಾತಿನ ಚಮತ್ಕಾರ ಇಲ್ಲ.

25 ನವೆಂಬರ್, ಸೋಮವಾರ

ಫ್ಯೂಸ್ ಇಷ್ಟು ದಿನವೂ ನನ್ನ ಜೇಬಲ್ಲೇ. ರೇವಣಪ್ಪ ಎರಡು ದಿನ ರಜೆ ಹಾಕಿದ್ದ. ಇವತ್ತು ಬಂದ, ಮಾತಿಲ್ಲ.

ಷಣ್ಮುಖಪ್ಪ ಮದುವೆಯ ಎಲೆಅಡಿಕೆ ಅಗಿಯುತ್ತಲೇ ಬಂದ. ಕೆಲಸಕ್ಕೆ ಕೂತಾಗ ಮಾತ್ರ ಉಗುಳಿ ಬಾಯಿ ತೊಳೆದ. ಮೇನ್ ಆಫ್ ಇದೆಯೆಂದು ತಾನೇ ನೋಡಿದ, ನನ್ನ ಮಾತು ನಂಬಲಿಲ್ಲ. ಟೆಸ್ಟರ್ ಹಚ್ಚಿದ. ಚಾಪೆ ಹಾಸಿ, ಅದರ ಮೇಲೆ ನಿಂತು, ಒಂದು ಕೈ ಬೆನ್ನ ಹಿಂದಿಟ್ಟುಕೊಂಡು ಬಾಗಿಲು ತೆರೆದ.

“ಯಾವನೋ ಪುಣ್ಯಾತ್ಮ ಹೊರಗಿಂದ ಸ್ಕ್ರೂ ಹೊಡೆದವ್ನೆ ಕಣ್ರೀ. ಇಲ್ನೋಡಿ.”

ಬಗ್ಗಿ ನೋಡಿದೆ. ಪಕ್ಕದ ತಗಡಿನಿಂದ ಒಂದು ಸ್ಕ್ರೂ ಒಳಗೆ ಬಂದು, ದಪ್ಪ ಕೆಂಪು ತಂತಿಯ ಮೈಗೆ ಮೂತಿ ಇಟ್ಟಿತ್ತು. ತಗಡಿನ ಆಚೆ ಬದಿಗೆ ಅಮ್ಮನವರ ಪಟ.

“ಉದ್ದ ಸ್ಕ್ರೂ. ಮೊದ್ಲು ಬರೀ ತಂತಿ ಮೇಲಿನ ಸಿಪ್ಪೆ ಸವರಿರಬೇಕು, ಅದಕ್ಕೇ ಜುಮ್ ಅಂತಿತ್ತು. ಈಗ ತಾಮ್ರಕ್ಕೇ ಕೂತೈತೆ. ಈಗ ಮುಟ್ಟಿದ್ರೆ ಜುಮ್ ಅನ್ನಲ್ಲ…” ಕೈ ಮೇಲೆತ್ತಿ ಆಕಾಶ ತೋರಿಸಿದ.

“ಮೊದಲು ಸವರಿದ್ದು ಈಗ ಹೆಂಗೆ ಕೂತ್ಕೊಳ್ತು?” ಎಂದೆ.

ಹಿಂದಿನಿಂದ ರೇವಣಪ್ಪನ ದನಿ ಬಂತು.

“ಶುಕ್ರವಾರ ಪಟ ಅಲ್ಲಾಡ್ತಿತ್ತು ಸಾರ್. ಅವಳು ಬರೋ ದಿನ ಅಮ್ಮ ನೆಟ್ಟಗಿರ್ಲಿ ಅಂತ… ಬೆಳಗ್ಗೆ ಒಂದು ಸುತ್ತು ಬಿಗಿ ಮಾಡ್ದೆ. ಆಮೇಲೆ ಕರ್ಕೊಂಡ್ ಬರಕ್ಕೆ ಹೋದೆ.”

ಏರಿಯ ಮೇಲೆ ಒಂದು ಟ್ರಾಕ್ಟರು ಹೋಯಿತು.

ಮಧ್ಯಾಹ್ನದ ಮೇಲೆ ಅವನೇ ಹಾರೆ ತಂದು ಕೆರೆಯ ಜೌಗಿನ ಕಡೆ ಅರ್ತ್ ಗುಂಡಿ ತೋಡಿದ. ನಾಳೆ ಇನ್ನಷ್ಟು ತೋಡೋಣ ಎಂದರೂ ಕೇಳಲಿಲ್ಲ. ಎದೆಮಟ್ಟ ಇಳಿದ.

29 ನವೆಂಬರ್, ಶುಕ್ರವಾರ

ಹೊಸ ತಂತಿ, ಹೊಸ ಗುಂಡಿ. ಪಟ ಹುಣಸೆಮರಕ್ಕೆ. ಒದ್ದೆ ನೆಲ, ಬರಿಗಾಲು, ಟೆಸ್ಟರ್ — ಕತ್ತಲೆ. ಭೌತಶಾಸ್ತ್ರಕ್ಕೆ ಜಯ.

ಕಲ್ಲಮ್ಮಜ್ಜಿ ಮುಟ್ಟಿ, ಮುಟ್ಟಿ, ನನ್ನತ್ತ ತಿರುಗಿದಳು. “ಎಲ್ಲ ರಿಪೇರಿ ಮಾಡ್ದೆ ಸರಿಯಪ್ಪ. ನನ್ನ ಮಂಡಿ ಯಾರು ರಿಪೇರಿ ಮಾಡ್ತಾರೆ? ಮತ್ತೆ ಹಿಡ್ಕೊಂಡೈತೆ ಕಣೋ.”

ಉತ್ತರ ಸಿಲಬಸ್ಸಿನಲ್ಲಿರಲಿಲ್ಲ.

ರೇವಣಪ್ಪ ಈಗ ಮಾತಾಡುತ್ತಾನೆ. ಹುಲಿಗೆಮ್ಮ ಸರಿಯಾಗಿ ಉಣ್ಣುತ್ತಿಲ್ಲವಂತೆ. ಫ್ಯೂಸಿನ ಮಾತು ನಾವಿಬ್ಬರೂ ಸೇರಿ ಕಟ್ಟಿದ ಸಮಾಧಾನ ಎಂದುಕೊಂಡಿದ್ದಾಳೆ. ಅಮ್ಮ ಮುಟ್ಟಲಿಲ್ಲ, ಇದೂ ಉಳಿಯಲ್ಲ — ಅದೇ ಜಪ.

“ಸ್ಕ್ರೂ ವಿಷಯ ಹೇಳಿದ್ಯಾ?”

“ಹೆಂಗೆ ಹೇಳ್ಲಿ ಸಾರ್? ನಾನೇ ಬಿಗಿ ಮಾಡಿದ್ದು ಅಂದ್ರೆ ನನ್ನ ಕೈಲಿ ನೀರಾದ್ರೂ ಇಸ್ಕೊಂಡ್ ಕುಡೀತಾಳಾ?”

“ಹೇಳದಿದ್ರೆ ಊಟಾನೇ ಮಾಡಲ್ಲ. ಹೇಳಪ್ಪ.”

ಅವನು ಗುಂಡಿಗೆ ನೀರು ಹೊಯ್ಯುತ್ತಾ ಇದ್ದುಬಿಟ್ಟ.

13 ಡಿಸೆಂಬರ್, ಶುಕ್ರವಾರ, ಮಧ್ಯಾಹ್ನ

ಹತ್ತು ದಿನದಿಂದ ಇಲ್ಲಿ ನಾನೊಬ್ಬನೇ ಇನ್‌ಚಾರ್ಜು, ಆಪರೇಟರು, ರಂಗೋಲಿ ಇಲಾಖೆ. ರೇವಣಪ್ಪ ಕಡೂರು ಆಸ್ಪತ್ರೆಯಲ್ಲಿ, ಹೆಂಡತಿಯ ಜೊತೆ.

ಈಗ ಬಂದ! ಬಸ್ಸು ನಿಲ್ಲುವ ಮೊದಲೇ ಹಾರಿ ಇಳಿದ. ಹೆಣ್ಣು ಮಗು. ಉಸಿರಾಡಿತು. ಆಸ್ಪತ್ರೆಯೆಲ್ಲ ಕೇಳುವಂತೆ ಅತ್ತಿತು. ತಾಯಿಯೂ ಚೆನ್ನ.

ನೋವು ಶುರುವಾದಾಗ ಅವಳು ಬೇಡ ಬೇಡ ಅಂತ ಕೈ ಚೆಲ್ಲಿದಳಂತೆ. ಆಗ ಹೇಳಿಬಿಟ್ಟನಂತೆ — ಪಟ, ಸ್ಕ್ರೂ, ಬಿಗಿ ಮಾಡಿದ ಕೈ, ಎಲ್ಲ.

“ಏನಂದ್ಲೋ?”

“ಮೊದ್ಲು ಬೈದ್ಲು ಸಾರ್. ನೋವಲ್ಲೂ ಬೈದ್ಲು. ಮಗು ಆದ್ಮೇಲೆ, ಅಮ್ಮ ಮುಟ್ಟಲಿಲ್ಲ ಅಂತ ನಾನು ಅಳ್ತಿದ್ನಲ್ಲ, ಮುಟ್ಟದೇ ಇದ್ದದ್ದೇ ಕಣೇ ಅವಳ ದಯೆ ಅಂತ ಮಗೂಗೆ ಹೇಳಿದ್ಲು. ನಿಮಗೂ ಒಂದ್ಮಾತು ಹೇಳ್ಕಳ್ಸವ್ಳೆ. ಅವತ್ತು ಸಾರ್ ಕೈಲಿ ಫ್ಯೂಸ್ ಕೀಳಿಸಿದ್ದು ಯಾರು ಅಂತ ಕೇಳ್ಕಂಡ್ ಬಾ ಅಂದ್ಲು.”

ನಾನೇ ಎಂದು ಹೇಳಿ ಕಳಿಸಬಹುದಿತ್ತು. ಮಗುವಿನ ಸಂತೋಷದಲ್ಲಿ ಬಿಟ್ಟೆ. ಈಗ ಇಲ್ಲಿ ಬರೆಯುತ್ತೇನೆ. ಕಿತ್ತದ್ದು ನಾನು. ಕೀಳಿಸಿದ್ದು ಟೆಸ್ಟರು. ಅದನ್ನು ಹಚ್ಚಿದ್ದು ಅವತ್ತು ಜುಮ್ ಅಂದದ್ದಕ್ಕೆ. ಜುಮ್ ಅಂದದ್ದು ನೆಲ ಒದ್ದೆ ಇದ್ದುದಕ್ಕೆ, ಚಪ್ಪಲಿ ಬಿಟ್ಟದ್ದಕ್ಕೆ. ನೀರು ಹೊಯ್ದದ್ದು ಶುಕ್ರವಾರವೆಂದು. ಶುಕ್ರವಾರದ ಪೂಜೆ ಇಲ್ಲದಿದ್ದರೆ ಆ ಸೋರಿಕೆ ಯಾರಿಗೂ ಗೊತ್ತಾಗದೆ, ಒಂದು ಮಳೆಯ ದಿನ… ಆದರೆ ಪಟ ಕೂರಿಸದಿದ್ದರೆ ಸೋರಿಕೆಯೇ ಇಲ್ಲ. ಆದರೆ ಅರ್ತ್ ಸರಳು ಬಂಡೆಗೆ ನಿಂತದ್ದು ಪಟಕ್ಕಿಂತ ಮೊದಲು. ಅದು ಯಾವತ್ತಾದರೂ ಒಬ್ಬರನ್ನು ತೆಗೆದುಕೊಳ್ಳುತ್ತಿತ್ತು, ಪಟ ಇರಲಿ ಬಿಡಲಿ. ಹಾಗಾದರೆ ಮೊದಲು ಎಚ್ಚರಿಸಿದ್ದು

ಟ್ರಾಕ್ಟರು ಹಾರನ್ ಹೊಡೆಯುತ್ತಿದೆ. ಚಪ್ಪಲಿ ಎಲ್ಲಿ —