ಗೊರಾಯಿ ಶಿಬಿರದ ರೊಟ್ಟಿ

೧೮ ಜನವರಿ ೧೯೭೧, ಸೋಮವಾರ, ಪರೇಲ್, ಮುಂಬಯಿ

ಕ್ಷಮಾಪಣೆ ಪತ್ರವನ್ನು ನಾನು ಬರೆಯುವುದಿಲ್ಲ. ನಾಳೆ ಬೆಳಿಗ್ಗೆ ಹೆಡ್‌ಮಾಸ್ತರರ ಟೇಬಲ್ಲಿನ ಮೇಲೆ ಇರಬೇಕಂತೆ, ಇಲ್ಲದಿದ್ದರೆ ಶಿಬಿರ, ನಾಟಕ ಎರಡೂ ಬಂದ್ ಅಂತೆ. ಕಾಯಲಿ ಅವರು.

ನಾನು ಮಾಡಿದ ತಪ್ಪಾದರೂ ಏನು? ಗೊರಾಯಿ ಕಡಲದಂಡೆಯಲ್ಲಿ ಏಳನೆಯ ತರಗತಿಯ ಹುಡುಗರಿಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದೆ. ಆ ಹೊತ್ತಿನಲ್ಲಿ ಹುಡುಗಿಯರು ನಾಟಕದ ತಾಲೀಮು ಮಾಡಿದರು. ಭೀಮರಾಯನ ಮೊದಲ ರೊಟ್ಟಿ ಹರಿದು ಮೂರು ತುಂಡಾಯಿತು. ಮೂರನೆಯ ದಿನದ್ದು ಹಂಚಿನ ಮೇಲೆ ಉಬ್ಬಿತು. ಲೆಕ್ಕದ ಪಾಠದಲ್ಲಿ ತಲೆಯನ್ನೇ ಎತ್ತದ ಹುಡುಗ ಅದನ್ನು ಎಲ್ಲರಿಗೂ ತೋರಿಸುತ್ತ ಓಡಾಡಿದ. ಅವನ ಆ ಮುಖವನ್ನು ನಾನು ತರಗತಿಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಇಂದು ಅವನ ಅಪ್ಪ ಪರಪ್ಪ ಮಿಲ್ಲಿನ ಪಾಳಿ ಮುಗಿಸಿ ಬಂದು ಆಫೀಸಿನಲ್ಲಿ ಕೂಗಾಡಿದರು. "ಗಂಡು ಹುಡುಗನ್ನ ರೊಟ್ಟಿ ಬಡಿಯಾಕ ಹಚ್ಚೀರಲ್ರೀ ಬಾಯಾರ! ಇಡೀ ಚಾಳಿನ ಮಂದಿ ನಗಾಕತ್ತೈತಿ."

"ಉಣ್ಣಾಕ ಬರತೈತಲ್ರೀ, ಮಾಡಾಕೂ ಬರ್ಲಿ ಬಿಡ್ರಿ," ಎಂದೆ. ಹೆಡ್‌ಮಾಸ್ತರರು ನನ್ನತ್ತ ಕಣ್ಣು ಕೆಕ್ಕರಿಸಿದರು. ಅವರ ಪಾಲಿಗೆ ಶಿಬಿರವೆಂದರೆ ಮೂರು ದಿನದ ಪಾಠ ಹಾಳು. ಹಾಳಾಗಲಿ.

ಪರಪ್ಪನವರ ಹೆಂಡತಿ ದಾನವ್ವ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದರು. ಗಂಡ ಮೆಟ್ಟಿಲಿಳಿದ ಮೇಲೆ ಸರಸರನೆ ಹಿಂದಿರುಗಿ ಬಂದು ಮೆಲ್ಲಗೆ ಕೇಳಿದರು: "ಬಾಯಾರ, ಮುಂದಿನ ಶಿಬಿರ ಯಾವಾಗ್ರೀ? ಸಣ್ಣಾಂವನ್ನೂ ಕಳಸತೀನಿ."

ಕಣ್ಣು ಎಳೆಯುತ್ತಿದೆ. ಆದರೂ ಕಾಗದ ತೆಗೆದು ಬರೆದೇಬಿಟ್ಟೆ. ಮಾನ್ಯರೇ, ಮುಂದಿನ ಶಿಬಿರಕ್ಕೆ ಇನ್ನೆರಡು ಹಂಚು ಬೇಕು.