ಬ್ಯಾರನ್ ಬ್ಯಾಂಡಿನ ನಾಲ್ಕನೇ ಸಹಿ

ಹೊಳೆನರಸೀಪುರ
೧೪ ನವೆಂಬರ್ ೨೦೨೫

ಶಾಂತರಾಜುಗೆ,

ನನ್ನ ಅಕ್ಷರ ಕಂಡರೆ ಲಕೋಟೆ ಒಡೆಯದೆ ಒಲೆಗೆ ಹಾಕುತ್ತೀಯ ಎಂದು ವಿಳಾಸವನ್ನು ಬಸವೇಶನ ಕೈಲಿ ಬರೆಸಿದ್ದೇನೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ನಾಲ್ಕು ವರ್ಷವಾಯಿತು. ಅದಕ್ಕೆ ತಕರಾರಿಲ್ಲ. ಇದನ್ನು ಮಾತ್ರ ಕೊನೆತನಕ ಓದು.

ನಮ್ಮ ರಾಕ್ ಬ್ಯಾಂಡಿನ ಕಥೆಯನ್ನು ಸಿನಿಮಾ ಮಾಡುತ್ತಿದ್ದಾರೆ. ನಿರ್ದೇಶಕರು ಅನಿಲ್‌ಕುಮಾರ್, ಚನ್ನರಾಯಪಟ್ಟಣದವರು. ನಾವು ನಾಲ್ವರೂ ಒಪ್ಪಿ ಸಹಿ ಹಾಕಿದರೆ ಜನವರಿಯಲ್ಲಿ ಚಿತ್ರೀಕರಣ. ಗಿಟಾರಿನ ಮೋಹನ್‌ಕುಮಾರ್, ಕೀಬೋರ್ಡಿನ ಬಸವೇಶ ಇಬ್ಬರೂ ಹಾಕಿದ್ದಾರೆ. ಉಳಿದವರು ಹಾಡುವ ನಾನು, ತಮಟೆಯ ನೀನು. ಕಥೆ ಓದದೆ ಹಾಕುವುದಿಲ್ಲ ಎಂದು ನಾನು ಅನಿಲ್‌ಕುಮಾರರ ಹಾಸನದ ಆಫೀಸಿಗೆ ಮೂರು ಸಲ ಹೋಗಿ ಬಂದೆ. ದಣಿದಿದ್ದೇನೆ ಶಾಂತ. ವಾದ ಮಾಡಲು ಮೊದಲಿನಂತೆ ಗಂಟಲು ಏಳುವುದಿಲ್ಲ.

ನಗುವ ವಿಷಯ ಮೊದಲು. ಅರಕಲಗೂಡಿನ ಆಚೆ ಮೋಹನನ ಮನೆಯವರು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ನಾವು ಅಭ್ಯಾಸ ಮಾಡುತ್ತಿದ್ದೆವು, ಬ್ಯಾಂಡಿಗೆ ಅದರ ಹೆಸರನ್ನೇ ಇಟ್ಟೆವು. ಸಿನಿಮಾದಲ್ಲಿ ಅದು ಶೆಟ್ಟಿಹಳ್ಳಿಯ ಪಾಳು ಚರ್ಚಾಗಿದೆ. ಬ್ಯಾರನ್ನಿಗೆ ಲುಕ್ ಇಲ್ಲವಂತೆ. ನನ್ನ ಪಾತ್ರದ ಹುಡುಗಿ ಸಿಟ್ಟು ಬಂದಾಗಲೆಲ್ಲ ಜಡೆ ಬಿಚ್ಚುತ್ತಾಳೆ. ತಾಲೀಮಿನಲ್ಲಿ ನಿನ್ನ ಪಾತ್ರ ಮಾಡುವವನ ಕೈಗೆ ಫೈಬರ್ ತಮಟೆ ಕೊಟ್ಟು, ಕಾಯಿಸುವ ದೃಶ್ಯ ಚೆಂದ ಬರುತ್ತದೆಂದು ಹುಲ್ಲಿಗೆ ಬೆಂಕಿ ಹಾಕಿ ಹಿಡಿಸಿದರು. ಚರ್ಮವಾದರೆ ಬಿಗಿಯುತ್ತಿತ್ತು. ಅದು ಹಪ್ಪಳದಂತೆ ಮುದುಡಿಕೊಂಡಿತು. ಎಷ್ಟೋ ತಿಂಗಳ ಮೇಲೆ ನಕ್ಕೆ. ಜೊತೆಗೆ ನಗಲು ನೀನಿರಲಿಲ್ಲ.

ಬ್ಯಾರನ್ನಿನ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತು ನಮ್ಮ ಗಲಾಟೆ ಕೇಳುತ್ತಿದ್ದರಲ್ಲ ಮೋಹನನ ತಾಯಿ ಜಯಲಕ್ಷ್ಮಮ್ಮ, ಅವರು ಸಿನಿಮಾದಲ್ಲಿ ಹೆಣವಾಗಿ ಮಾತ್ರ ಬರುತ್ತಾರೆ. ಅಲ್ಲಿಂದ ಮುಂದೆ ನೀನು ದ್ರೋಹಿ. ಸಾವಿನ ಮನೆಗೆ ತಮಟೆ ಬಾರಿಸುವ ಚಾಕರಿ ಇನ್ನು ಮಾಡುವುದಿಲ್ಲ ಎಂದು ನಾವು ಆಣೆ ಮಾಡಿದ್ದು, ಅವರು ತೀರಿಕೊಂಡ ದಿನ ನೀನು ಯಾರಿಗೂ ಹೇಳದೆ ಹೋಗಿ ಹೆಣದ ಮುಂದೆ ಬಾರಿಸಿದ್ದು, ಸದ್ಯ ಹಳೆಯ ಪದ್ಧತಿ ಉಳಿಯಿತು ಎಂದು ಊರ ಯಜಮಾನರು ನಿನ್ನ ಹೆಗಲಿಗೆ ಟವೆಲ್ ಹಾಕಿದ್ದು, ಮೂರನೇ ದಿನ ಚನ್ನರಾಯಪಟ್ಟಣದ ವೇದಿಕೆಯಲ್ಲಿ ನಾನು ಕರಪತ್ರ ಓದಿ ನಿನ್ನನ್ನು ಬ್ಯಾಂಡಿನಿಂದ ತೆಗೆದದ್ದು, ಎಲ್ಲ ಇದೆ. ಅನಿಲ್‌ಕುಮಾರ್ ಸ್ವಂತಕ್ಕೆ ಏನನ್ನೂ ಕಟ್ಟಿಲ್ಲ. ನನ್ನ ಕರಪತ್ರವನ್ನೇ ಎದುರಿಗಿಟ್ಟುಕೊಂಡು ಬರೆದಿದ್ದಾರೆ. ಟವೆಲ್ಲಿಗೆ ಮಾರಿಕೊಂಡ ಕೈ ಎಂಬ ಸಾಲು ನನ್ನದು. ಸಮ್ಮೇಳನಗಳ ಬಾಗಿಲಲ್ಲಿ ಸಿಗುವ ಕಿರುಪುಸ್ತಿಕೆ ಓದಿಕೊಂಡು ಬೆಳೆದವಳಿಗೆ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅದು ಭಾರೀ ಸಾಲಾಗಿ ಕಂಡಿತ್ತು. ಹಾಸನದ ತಾಲೀಮಿನ ಕೋಣೆಯಲ್ಲಿ ನನ್ನ ಪಾತ್ರದ ಹುಡುಗಿ ಅದನ್ನು ಕೂಗಿ ಹೇಳಿದಾಗ ನನಗೆ ಕೂರಲಾಗಲಿಲ್ಲ.

ಆ ಆಣೆ ತಪ್ಪು ಎಂದು ಈಗಲೂ ಹೇಳುವುದಿಲ್ಲ. ಹುಟ್ಟಿದ ಕೇರಿ ನೋಡಿ ಒಬ್ಬನ ಕೈಗೆ ಕೆಲಸ ಕಟ್ಟುವುದು ನಿಲ್ಲಲೇಬೇಕು. ನಿನ್ನಪ್ಪ ಗುಂಡಯ್ಯ ಮಾವ ಜ್ವರದಲ್ಲೂ ಹೋಗಿ ಬಾರಿಸಿ, ಜಗುಲಿಯ ಕೆಳಗೆ ನಿಂತು ಅನ್ನ ಇಸಿದುಕೊಂಡದ್ದನ್ನು ಹೇಳಿ ನೀನೇ ಅತ್ತಿದ್ದೆ. ನಿನ್ನ ಕೈ ಬಿಡಿಸಲೆಂದು ಮಾಡಿದ ಆಣೆ ಅದು. ಅದರಲ್ಲೇ ನಾನು ನಿನ್ನನ್ನು ಕಟ್ಟಿಹಾಕಿದೆ.

ಕಳೆದ ವಾರ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅವ್ವ ಸಿಕ್ಕಿದರು. ತಲೆ ತಗ್ಗಿಸಿ ದಾಟಿಕೊಳ್ಳಲು ನೋಡಿದೆ. ಮಲ್ಲಿಗಮ್ಮತ್ತೆ ಬಿಡಲಿಲ್ಲ.

“ಏನವ್ವಾ ಕರಪತ್ರ, ಇವತ್ತು ಯಾರ್ನ ತೆಗ್ದಾಕಕ್ಕೆ ಒಂಟಿದ್ದೀಯೆ?” ಎಂದರು.

ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಕಡಲೆಕಾಯಿ ಕೈಗಿಟ್ಟು, ನೀನು ಹರದನಹಳ್ಳಿ ಕಡೆ ಟ್ರ್ಯಾಕ್ಟರ್ ಓಡಿಸುತ್ತಿರುವುದನ್ನು ಹೇಳಿದರು. ಅಂದಿನಿಂದ ತಮಟೆ ಮುಟ್ಟಿಲ್ಲವಂತೆ, ತಂಗಿಯ ಮದುವೆಯಲ್ಲೂ. ಕೇಳಿದವರಿಗೆ ನಾನು ಮಾತು ತಪ್ಪಿದವನು ಅನ್ನುತ್ತೀಯಂತೆ.

ಅಲ್ಲಿಂದಲೇ ಹಾಸನದ ಬಸ್ಸು ಹತ್ತಿದೆ. ಶಾಂತರಾಜುವನ್ನು ತಪ್ಪಿತಸ್ಥ ಮಾಡಬೇಡಿ, ದೃಶ್ಯ ಬದಲಾಯಿಸಿ ಎಂದು ಅನಿಲ್‌ಕುಮಾರರನ್ನು ಕೇಳಿದೆ. ಕೆಟ್ಟ ಮನುಷ್ಯರಲ್ಲ. ಟೀ ತರಿಸಿದರು. “ಸೀನ್ ಏಳ್ಬೇಕಂದ್ರೆ ಯಾರಾದ್ರೂ ಒಬ್ರು ತಪ್ಪು ಮಾಡಿರ್ಬೇಕು ಮೇಡಂ. ಅವರಲ್ಲ ಅಂದ್ರೆ ಇನ್ಯಾರು?” ಎಂದರು. ಎರಡು ದಿನ ಸಮಯ ಕೇಳಿ ಎದ್ದು ಬಂದವಳು ಒಂದು ವಾರ ಸುಮ್ಮನೆ ಕೂತೆ.

ನಿನ್ನ ಒಪ್ಪಿಗೆಯಿಲ್ಲದೆ ನಾನು ಸಹಿ ಹಾಕುವುದಿಲ್ಲ. ಆ ದಿನ ಯಾಕೆ ಹೋದೆ ಎಂದು ನಿನ್ನ ಮಾತಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ, ಅದನ್ನೇ ಸಿನಿಮಾದಲ್ಲಿ ಹಾಕಿ ಎಂದು ಹೇಳುತ್ತೇನೆ. ಸಿನಿಮಾವೇ ಬೇಡ ಎಂದರೆ ಅದಕ್ಕೂ ನಿನ್ನ ಜೊತೆ ನಿಲ್ಲುತ್ತೇನೆ.

ನಿನ್ನ ಹೆಸರನ್ನು ಮೈಕಿನಲ್ಲಿ ಕೆಡಿಸಿದವಳು,
ರಂಜಿನಿ

ಮತ್ತೊಂದು ಮಾತು. ಮರೆತದ್ದಲ್ಲ, ಇಡೀ ಕಾಗದದುದ್ದಕ್ಕೂ ತಪ್ಪಿಸಿಕೊಂಡು ಬಂದದ್ದು. ನೀನು ಯಾರೂ ಕರೆಯದೆ ಹೋದೆ ಎಂದುಕೊಂಡಿದ್ದೀಯ. ಸಾಯುವ ಎಂಟು ದಿನ ಮುಂಚೆ ಆಸ್ಪತ್ರೆಯಲ್ಲಿ ಜಯಲಕ್ಷ್ಮಮ್ಮ ನನ್ನ ಕೈ ಹಿಡಿದು ನಿನಗೆ ಹೇಳಿ ಕಳಿಸಿದ್ದರು. ನಾನು ಹೇಳಲಿಲ್ಲ. ಪ್ರೀತಿಗೆಂದು ಆಣೆ ಸಡಿಲಿಸಿದರೆ ನಾಳೆ ಭಯಕ್ಕೆ ಬಾರಿಸುವುದಕ್ಕೂ ಪ್ರೀತಿ ಎಂದೇ ಹೆಸರಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ವೇದಿಕೆಯಲ್ಲಿ ಕರಪತ್ರ ಓದುವಾಗಲೂ ಗೊತ್ತಿತ್ತು. ಇನ್ಯಾರು ಎಂಬ ಅನಿಲ್‌ಕುಮಾರರ ಪ್ರಶ್ನೆಗೆ ಉತ್ತರ ಇದೇ, ನಾಳೆ ಬರೆದು ಕೊಡುತ್ತೇನೆ. ಅದಕ್ಕೆ ಮೊದಲು ನಿನಗೆ. ಜಯಲಕ್ಷ್ಮಮ್ಮ ಹೇಳಿದ್ದು ಇಷ್ಟು:

“ಶಾಂತಂಗೆ ಏಳವ್ವಾ, ನಾನು ಕಣ್ ಮುಚ್ಚಿದ್ ದಿನ ಬರ್ಬೇಕು ಅಂತ. ಚಾಕ್ರಿಗಲ್ಲ ಕಣವ್ವಾ. ನಮ್ ಬ್ಯಾರನ್ನಾಗೆ ಬಾರುಸ್ತಿದ್ನಲ್ಲ, ಅಂಗೇ ಜೋರಾಗಿ ಬಾರುಸ್ಲಿ. ನಂಗೆ ಕೇಳುಸ್ತದೆ.”